ಕಟ್ಟಿನ ಕೊನೆಯ ಹೆಸರು

ವೈಶಾಖದ ಐವತ್ತೆರಡನೆಯ ದಿನ, 2317
ರಾಯಚೂರು ನೆಲಮನೆಗಳು

ಪ್ರೋಗ್ರಾಂ ಬರೆದ ಹಿರಿಯರಿಗೆ,

ತಾರೀಖು ಕಂಡು ನಗಬೇಡಿ. ಬೇಸಿಗೆ ಉದ್ದವಾದಂತೆ ವೈಶಾಖವನ್ನೂ ಹಿಗ್ಗಿಸಿದ್ದೇವೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಪ್ರೋಗ್ರಾಮಿನ ಟಿಪ್ಪಣಿಗಳಿಂದ.

ನಾನು ಮಹಾನಂದಾ, ಯಾರು ಯಾವ ಮನೆಯವರೆಂಬ ಪಟ್ಟಿ ನೋಡಿಕೊಳ್ಳುವ ಪಟ್ಟಿಗಾರ್ತಿ. ಬೆಳಗಿನ ಎಂಟರ ಮೇಲೆ ಬಿಸಿಲಿಗೆ ನಿಂತವರು ಉಳಿಯುವುದಿಲ್ಲ, ಆದ್ದರಿಂದ ನೆಲದಡಿಯಲ್ಲಿದ್ದೇವೆ. ಹೊರಬಾಗಿಲಿನ ಕಾದ ತಗಡೇ ನಮಗೆ ರೊಟ್ಟಿ ಹಂಚು. ಡೇಟಾಬೇಸಿನಲ್ಲಿ ಆಯಾ ಮನೆಯ ಪಟ್ಟಿಯಲ್ಲಿ ಹೆಸರಿದ್ದವರಿಗಷ್ಟೇ, ಒಮ್ಮೆಗೆ ಒಬ್ಬರಿಗೆ, ಬಾಗಿಲು ತೆರೆಯುತ್ತದೆ. ನೀರು ಬತ್ತಿದ ಮನೆಯವರನ್ನು ಬೇರೆ ಮನೆಗೆ ಸಾಗಿಸುವಾಗ ತಲೆಗೆ ಎರಡರಂತೆ ಆಜ್ಞೆ: ಹಳೆಯ ಮನೆಯಿಂದ ಹೆಸರು ಅಳಿಸು, ಹೊಸ ಮನೆಗೆ ಬರೆ. ನಾನೂರು ಜನರ ಆಜ್ಞೆಗಳನ್ನು ಒಟ್ಟುಗೂಡಿಸಿ ನಿಮ್ಮ ಪ್ರೋಗ್ರಾಮಿನಿಂದ ಒಂದೇ ಸಲ ಕಳಿಸುತ್ತೇವೆ. ಅದಕ್ಕೆ ಕಟ್ಟು ಎನ್ನುತ್ತೇವೆ. ಪಕ್ಷಪಾತದ ಮಾತು ಬರಬಾರದೆಂದು ಪಟ್ಟಿಗಾರರು ತಮ್ಮವರ ಹೆಸರನ್ನು ಕಟ್ಟಿನ ಕೊನೆಗಿಡುವುದು ಪದ್ಧತಿ. ನನ್ನ ತಂಗಿ ಕಸ್ತೂರವ್ವನನ್ನು ಕೊನೆಗಿಟ್ಟೆ.

ಹೊಸ ಮನೆಯಲ್ಲಿ ಮೂವತ್ತೊಂದು ಜಾಗ ಕಡಿಮೆ ಇದ್ದವು. ಅಳಿಸುವ ಆಜ್ಞೆಗಳೆಲ್ಲ ನಡೆದವು. ಬರೆಯುವ ಕೊನೆಯ ಮೂವತ್ತೊಂದು ನಡೆಯಲಿಲ್ಲ. ಪರದೆ ಮಾತ್ರ "ಕೆಲಸ ಮುಗಿದಿದೆ" ಎಂದಿತು. ಅದನ್ನು ನಂಬಿ ಜನರನ್ನು ಹಳೆಯ ಮನೆಯಿಂದ ಹೊರಡಿಸಿ ನಾನು ರೊಟ್ಟಿ ತಿನ್ನಲು ಕುಳಿತೆ. ಏಳೂವರೆಗೆ ಬಾಗಿಲ ಫೋನಿನಲ್ಲಿ ತಂಗಿಯ ದನಿ ಬಂತು: "ಅಕ್ಕಾ, ಹಳೇ ಬಾಗ್ಲಾನೂ ತೆಗೀವಲ್ದು, ಹೊಸಾದೂ ತೆಗೀವಲ್ದು. ನಾವ್ ಎಲ್ಲಿ ಹೋಗೂಣು?"

ಒಬ್ಬೊಬ್ಬರನ್ನೇ ಹಳೆಯ ಮನೆಗೆ ಮತ್ತೆ ಬರೆಯುತ್ತ ಹೋದೆ, ಕಟ್ಟಿನಲ್ಲಿದ್ದ ಕ್ರಮದಲ್ಲೇ. ಕೈಗೆ ಬೇರೆ ಕ್ರಮ ಗೊತ್ತಿರಲಿಲ್ಲ. ಮೂವತ್ತು ಜನ ಒಳಗೆ ಹೋದರು. ಅಷ್ಟರಲ್ಲಿ ಎಂಟು ದಾಟಿತ್ತು, ಫೋನಿನಲ್ಲಿ ತಂಗಿಯ ದನಿ ನಿಂತಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು ಎಂಬಂತೆ ಆಮೇಲೆ ನಿಮ್ಮ ಪ್ರೋಗ್ರಾಂ ತೆರೆದು ಓದಿದೆ. ಪ್ರತಿ ಆಜ್ಞೆಗೂ ಡೇಟಾಬೇಸು ಉತ್ತರ ಕೊಡುತ್ತದೆ. ನೀವು ಅದನ್ನು ನೋಡದೆ ಎಸೆದಿದ್ದೀರಿ. ಪಕ್ಕದಲ್ಲೇ ನಿಮ್ಮ ಟಿಪ್ಪಣಿ: "ಸದ್ಯಕ್ಕೆ ಹೀಗಿರಲಿ, ಆಮೇಲೆ ಸರಿಮಾಡೋಣ." ಇನ್ನೂರ ತೊಂಬತ್ತು ವರ್ಷ ನಾವೂ ಅದನ್ನು ಮುಟ್ಟಲಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಇವತ್ತು ಕುರ್ಚಿಯಿಂದ ಏಳುವ ಮುಂಚೆ ಆ ಸಾಲು ತಿದ್ದಿ. ಕಟ್ಟಿನಲ್ಲಿ ಒಂದು ಆಜ್ಞೆ ನಡೆಯದಿದ್ದರೂ ಎಲ್ಲವೂ ಹಿಂದಕ್ಕೆ ಬರಲಿ, ಯಾರ ಹೆಸರೂ ಅಳಿಯದಿರಲಿ. ಕಸ್ತೂರವ್ವನನ್ನು ಸತ್ತವರ ಪಟ್ಟಿಗೆ ಸೇರಿಸಲು ಮೂರು ಸಲ ಪ್ರಯತ್ನಿಸಿದೆ. ಅಲ್ಲಿ ಸೇರಬೇಕಾದರೆ ಮೊದಲು ಬದುಕಿದ್ದವರ ಪಟ್ಟಿಯಲ್ಲಿರಬೇಕಂತೆ.

ಮಹಾನಂದಾ