ಟೋಸ್ಟಿಗೆ ಇಟ್ಟ ವೈನ್

ನವೆಂಬರ್ 11, ಮಂಗಳವಾರ. ಬೆಳಿಗ್ಗೆ

ಭರಣಿಯ ಬಟ್ಟೆ ಬಿಚ್ಚಿ, ಮರದ ಸೌಟಿನಿಂದ ಕಲಕಿ, ಮತ್ತೆ ಕಟ್ಟಿದ್ದಾಯಿತು. ದ್ರಾಕ್ಷಿ ಮೇಲೆ ಬಂದಿದೆ. ನೊರೆ ಸಣ್ಣಗೆ ಸದ್ದು ಮಾಡುತ್ತಿದೆ. ಇನ್ನಷ್ಟು ಲವಂಗ ಹಾಕಿದೆ. ಮಲೇಷ್ಯಾದ ಈ ಪೆಟಾಲಿಂಗ್ ಜಯಾದ ಲವಂಗಕ್ಕೆ ಸತ್ವವೇ ಇಲ್ಲ. ಎರಡು ಅಂಗಡಿ ಬದಲಾಯಿಸಿದೆ, ಅದೇ ಕತೆ. ಬೆಳ್ಳುಳ್ಳಿಯೂ ಹಾಗೇ. ಕೊತ್ತಂಬರಿ ಸೊಪ್ಪಂತೂ ಹುಲ್ಲು.

ಜನವರಿ ಹತ್ತಕ್ಕೆ ಕ್ರಿಸ್ಟಿಯ ಮದುವೆ. ಎಲ್ಲರೂ ಗ್ಲಾಸೆತ್ತಿ ಹರಸುವ ಟೋಸ್ಟಿಗೆ ನನ್ನದೇ ವೈನ್. ನನ್ನ ಮದುವೆಗೆ ಅಮ್ಮ ಮಂಗಳೂರಿನಲ್ಲಿ ಇಟ್ಟದ್ದೂ ಇದೇ ಭರಣಿಯಲ್ಲಿ. ಮದುಮಗಳಿಗೇ ಬೇಡವಂತೆ! "ಮಮ್ಮಿ, ಲೆಟ್ ಡೀನ್ ಹ್ಯಾಂಡಲ್ ದ ವೈನ್ ಲಾ, ಪ್ಲೀಸ್." ಅಳಿಯನಾಗುವ ಡೀನ್‌ಗೆ ಕ್ಯಾಮರನ್ ಹೈಲ್ಯಾಂಡ್ಸಿನ ರೆಸಾರ್ಟಿನಲ್ಲಿ ವೈನ್ ನೋಡಿಕೊಳ್ಳುವ ಕೆಲಸ, ಒಪ್ಪುತ್ತೇನೆ. ಅವನ ಕಡೆಯ ವೈನ್ ಪಂಡಿತರೆಲ್ಲ ಬರುತ್ತಾರೆ, ಅದನ್ನೂ ಒಪ್ಪುತ್ತೇನೆ. ಅದಕ್ಕೇ ನನ್ನ ವೈನ್ ಬೇಕು. ಬರಲಿ, ಕುಡಿಯಲಿ, ಗೊತ್ತಾಗಲಿ.

ಇವರನ್ನು ಕೇಳಿದರೆ ಪೇಪರಿನಿಂದ ತಲೆ ಎತ್ತಲಿಲ್ಲ. ಝೇವಿಯರ್ ಸಾಹೇಬರದು ಯಾವತ್ತೂ ಇಷ್ಟೇ.

ಇವತ್ತೂ ಕ್ರಿಸ್ಟಿ ಕೇಳಿದಳು, ಡೈರಿ ಯಾಕೆ ಕನ್ನಡದಲ್ಲಿ ಅಂತ. ನೀನು ಓದಬಾರದು ಅಂತ ಅಂದೆ.

ನವೆಂಬರ್ 14, ಶುಕ್ರವಾರ

ಬಂಗುಡೆ ಸಾರು. ಇವರು ಎರಡು ಸಲ ಹಾಕಿಸಿಕೊಂಡರು. "ಫಸ್ಟ್ ಕ್ಲಾಸ್!" ಮದುವೆಯಾದಾಗಿನಿಂದ ಅದೊಂದೇ ಸರ್ಟಿಫಿಕೇಟು. ಕ್ರಿಸ್ಟಿ ಆಫೀಸಿನಿಂದ ಬರುವಾಗಲೇ ಏನೋ ತಪಾವ್ ಮಾಡಿಕೊಂಡು ತಂದಳು. ಇತ್ತೀಚೆಗೆ ದಿನಾ ಹೊರಗಿನದೇ ಪೊಟ್ಟಣ. ಮನೆಯಲ್ಲಿ ಮಾಡಿ ಹಾಕುವವಳಿಗೆ ಏನೂ ಅನ್ನಿಸುವುದಿಲ್ಲವಾ?

ಪಕ್ಕದ ಸರೋಜ ಬೆಲ್ ಒತ್ತಿ, "ಅಕ್ಕಾ, ಏನೋ ಸೀಯ್ತಾ ಉಂಟು" ಅಂದಳು. ತಮಿಳು ಹೆಂಗಸು, ನನ್ನ ಜೊತೆ ಇದ್ದು ಇದ್ದು ನನ್ನ ಹಾಗೇ ಮಾತಾಡುತ್ತಾಳೆ. ಕೆಳಗಿನ ಮಾಮಕ್ ಹೋಟೆಲಿನದ್ದಿರಬೇಕು ಅಂತ ಅಂದೆ. ಒಳಗೆ ಬಂದು ನೋಡಿದರೆ ನನ್ನದೇ ಒಲೆ, ನನ್ನದೇ ಹಾಲು. ಪಾತ್ರೆ ಕರ್ರಗೆ. ಮದುವೆ ಮನೆಯವಳ ತಲೆ ಎಲ್ಲಿರುತ್ತದೆ!

ನವೆಂಬರ್ 22, ಶನಿವಾರ. ರೆಸಾರ್ಟು

ನಮ್ಮ ಮದುವೆ ವಾರ್ಷಿಕಕ್ಕೆ ಡೀನ್‌ನ ಗಿಫ್ಟು. ಗುಡ್ಡ ಹತ್ತುವಾಗ ಎರಡು ಸಲ ಕಾರು ನಿಲ್ಲಿಸಿ ವಾಂತಿ ಮಾಡಿದೆ. ಮೇಲೆ ಬಂದ ಮೇಲೆ ಅದೆಲ್ಲ ಮರೆತುಹೋಯಿತು. ಒಂದು ಮಗ್ಗುಲು ಚಹಾ ತೋಟ, ಇನ್ನೊಂದು ಮಗ್ಗುಲು ಪ್ಲಾಸ್ಟಿಕ್ ಮಾಡಿನ ಕೆಳಗೆ ಸಾಲು ಸಾಲು ದ್ರಾಕ್ಷಿ ಬಳ್ಳಿ. ಮಂಜು ಕಿಟಕಿಯವರೆಗೆ ಬರುತ್ತದೆ. ಬಾತ್‌ರೂಮು ನಮ್ಮ ಹಾಲಿನಷ್ಟು ಉಂಟು. ಟಬ್ಬಿನಲ್ಲಿ ಕುಳಿತು ಗುಡ್ಡ ನೋಡಿದೆ. ನಾಚಿಕೆಯೂ ಆಯಿತು, ಸುಖವೂ ಆಯಿತು.

ಊಟ ಮಾತ್ರ ದೇವರಿಗೇ ಪ್ರೀತಿ. ತಟ್ಟೆ ಮೊರದಷ್ಟು ದೊಡ್ಡದು, ನಡುವೆ ಒಂದು ತುತ್ತು. ಬಾತುಕೋಳಿಯಂತೆ, ಅಣಬೆಯಂತೆ, ಮತ್ತೆಂತದೋ ಹೂವಂತೆ. ಎಲ್ಲ ಒಂದೇ: ಬಾಯಲ್ಲಿ ಮೆತ್ತಗೆ, ಉಪ್ಪುಪ್ಪು, ಅಷ್ಟೇ. ಡೀನ್ ಬಂದು, ಕ್ರಿಸ್ಟಿಯಿಂದ ಕಲಿತ ಕನ್ನಡದಲ್ಲಿ, "ಆಂಟಿ, ಹೇಗುಂಟು?" ಅಂದ. "ಚಂದ ಉಂಟು, ರುಚಿ ಇಲ್ಲ ಮಗಾ" ಅಂದುಬಿಟ್ಟೆ. ಕ್ರಿಸ್ಟಿ ಮೇಜಿನ ಕೆಳಗೆ ಅಪ್ಪನ ಕಾಲು ಒದ್ದಳು. ನೋಡಿದೆ. ಒದೆ ಬೀಳಬೇಕಾದ್ದು ನನಗಲ್ಲವಾ?

ನವೆಂಬರ್ 23, ಭಾನುವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಟೇಸ್ಟಿಂಗು. ಉದ್ದ ಮೇಜು, ಏಳೆಂಟು ಗೆಸ್ಟುಗಳು, ಒಬ್ಬೊಬ್ಬರ ಎದುರಿಗೂ ಗ್ಲಾಸಿನ ಸಾಲು. ಡೀನ್ ಇಂಗ್ಲಿಷಿನಲ್ಲಿ ಹೇಳಿದ: ಒಂದರಲ್ಲಿ ಬೇಕೆಂದೇ ಕೆಟ್ಟದ್ದು ಇಟ್ಟಿದ್ದೇನೆ, ಕಾರ್ಕಿಗೆ ಬೂಸ್ಟು ಹಿಡಿದ ಬಾಟಲಿಯದ್ದು, ಮೂಗಿನಿಂದ ಹುಡುಕಿ.

ನಾನೇ ಮುಂದೆ ಹೋದೆ. ವೈನ್ ಮಾಡುವವಳಲ್ಲವಾ! ಮೂಸಿದ ಹಾಗೆ ಮಾಡಿದೆ, ಗುಟುಕರಿಸಿದೆ, ನಡುವಿನ ಗ್ಲಾಸು ಎತ್ತಿ ಎಲ್ಲರಿಗೂ ಕೇಳುವ ಹಾಗೆ, "ದಿಸ್ ಈಸ್ ದ ಬೆಸ್ಟ್. ಉಳಿದದ್ದೆಲ್ಲ ನೀರು" ಅಂದೆ.

ಡೀನ್‌ನ ನಗು ಮುಖದಲ್ಲೇ ನಿಂತಿತು. ಪಕ್ಕದ ಚೀನೀ ಹೆಂಗಸು ತನ್ನ ನಡುವಿನ ಗ್ಲಾಸು ಮೂಸಿ ಮೂಗು ಹಿಡಿದುಕೊಂಡಳು. "ಅಯ್ಯೋ! ವೆಟ್ ಡಾಗ್ ಲಾ!"

ತಮಾಷೆ ಅಂದುಕೊಂಡೆ. ಮತ್ತೆ ಮೂಸಿದೆ. ಏನೂ ಇಲ್ಲ. ಪಕ್ಕದ್ದು — ಏನೂ ಇಲ್ಲ. ಕೊನೆಯದ್ದು — ಏನೂ ಇಲ್ಲ. ಯಾರದೋ ಕಾಫಿ ಎಳೆದುಕೊಂಡೆ. ಬಿಸಿ ತಾಗಿತು, ಕಾಫಿ ಇರಲಿಲ್ಲ. ಬ್ಯಾಗಿನ ವಿಕ್ಸ್ ಡಬ್ಬಿ ತೆಗೆದು ಮೂಗಿನೊಳಗೇ ತುರುಕಿದೆ. ತಣ್ಣಗಾಯಿತು. ವಾಸನೆ... ಯೇಸುವೇ, ವಾಸನೆಯೇ ಇಲ್ಲ. ಯಾವಾಗಿನಿಂದ? ಕೊನೆಗೆ ಏನನ್ನು ಮೂಸಿದ್ದೆ? ನೆನಪೇ ಆಗುತ್ತಿಲ್ಲ.

ಲವಂಗದ ಸತ್ವ ಅಲ್ಲ ಹೋದದ್ದು.

ಇವರ ಕಡೆ ನೋಡಿದೆ. ಇವರು ಶೂ ನೋಡುತ್ತಿದ್ದರು. ಕ್ರಿಸ್ಟಿ ಅಪ್ಪನನ್ನು ನೋಡುತ್ತಿದ್ದಳು. ಇವರಿಗೆ ಗೊತ್ತಿತ್ತು! ಇಬ್ಬರಿಗೂ!

ನವೆಂಬರ್ 29, ಶನಿವಾರ

ಇಡೀ ವಾರ ಭರಣಿ ಮುಟ್ಟಲಿಲ್ಲ. ಅನ್ನ ಮೊಸರು ಬಡಿಸಿ ಎದ್ದು ಹೋಗುವುದು.

ಇವತ್ತು ನಿಲಾಯ್ ಪೇಟೆಯ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಉಮಾನಾಥ, ಮಣಿಪಾಲದವರು, ಈಗ ನಿಲಾಯ್‌ನಲ್ಲೇ ಮೆಡಿಕಲ್ ಮಕ್ಕಳಿಗೆ ಪಾಠ ಮಾಡುತ್ತಾರೆ. ಕಣ್ಣು ಮುಚ್ಚಿಸಿ ಒಂದೊಂದೇ ಶೀಶೆ ಹಿಡಿದರು. ಪ್ರತಿಯೊಂದಕ್ಕೂ ಇಲ್ಲ, ಇಲ್ಲ ಅಂದೆ. "ನೀವು ಹೇಳಿದ ಜುಲೈಯ ಜ್ವರದಲ್ಲಿ ವಾಸನೆ ಹೋದದ್ದಿರಬೇಕು, ಅಮ್ಮ. ನಾಲಿಗೆಗೆ ಉಪ್ಪು ಹುಳಿ ಗೊತ್ತಾಗ್ತದೆ, ಹಾಗಾಗಿ ನಿಮಗೆ ಅಂದಾಜಾಗಲಿಲ್ಲ. ಬರಬಹುದು. ಬರದೆಯೂ ಇರಬಹುದು. ಸುಳ್ಳು ಹೇಳುವುದಿಲ್ಲ." ಆ ಕೊನೆಯ ಮಾತಿಗೆ ಅವರಿಗೆ ಕೈ ಮುಗಿಯಬೇಕೆನಿಸಿತು.

ಕಾರಿನಲ್ಲಿ ಇವರು ಬಾಯಿ ಬಿಟ್ಟರು. ಕಮಟು ಹಿಡಿದ ತೆಂಗಿನಕಾಯಿಯ ಗಸಿ ತಿಂದದ್ದು, ಹಳಸಿದ ಸಾರು ತಿಂದದ್ದು. ಹೊಟ್ಟೆ ಕೆಟ್ಟಾಗ ಆಫೀಸಿನ ಹತ್ತಿರದ ಮಾಮಕ್ ಊಟ ಅಂತ ಹೇಳಿದ್ದು ಸುಳ್ಳಂತೆ. ನನ್ನದೇ ಮೀನಂತೆ.

"ಹಾಗಾದರೆ ಫಸ್ಟ್ ಕ್ಲಾಸ್ ಅಂತ ಯಾಕೆ ಹೇಳಿದ್ದು?"

"ಅಡುಗೆಮನೆ ಬಿಟ್ಟು ಮೂಲೆ ಹಿಡೀತೀ ಅಂತ ಹೆದರಿಕೆ ಆಯ್ತು ಮಾರಾಯ್ತಿ."

"ಕ್ರಿಸ್ಟಿ ಯಾಕೆ ಹೇಳಲಿಲ್ಲ?"

"ನಾನೇ ಆಣೆ ಹಾಕಿಸಿದ್ದೆ."

ವಿಷ ಹಾಕಿದ್ದರೂ ಫಸ್ಟ್ ಕ್ಲಾಸ್ ಅಂತಲೇ ಸಾಯುತ್ತಿದ್ದರು, ಈ ಹುಚ್ಚು ಮನುಷ್ಯ! ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ಗೊತ್ತಾಗದೆ ಹೈವೇ ಉದ್ದಕ್ಕೂ ಕಿಟಕಿ ನೋಡಿದೆ.

ಡಿಸೆಂಬರ್ 6, ಶನಿವಾರ

ಇವತ್ತು ಸೋಸಿದೆ. ಬಣ್ಣ ಚೆನ್ನಾಗಿ ಬಂದಿತ್ತು, ಮಾಣಿಕ್ಯದ ಕೆಂಪು. ವೈನ್ ಇಟ್ಟವಳ ಮೂಗೇ ಮೊದಲು, ಬೇರೆ ಯಾರೂ ಮೂಸಬಾರದು: ಇದು ಅಮ್ಮನ ಕಟ್ಟಳೆ. ಗ್ಲಾಸು ಮೂಗಿಗೆ ಹಿಡಿದು ನಿಂತೆ. ಸುಮ್ಮನೆ. ಆಮೇಲೆ ಇವರಿಗೆ ಕೊಟ್ಟೆ.

ಒಂದು ಗುಟುಕು. "ಫಸ್ಟ್ ಕ್ಲಾಸ್!"

ಇನ್ನು ಈ ಮನೆಯಲ್ಲಿ ನನಗೆ ಯಾವುದೂ ಗೊತ್ತಾಗುವುದಿಲ್ಲ. ಒಳ್ಳೆಯದಕ್ಕೂ ಇದೇ ಮಾತು, ಕೆಟ್ಟದ್ದಕ್ಕೂ ಇದೇ ಮಾತು.

"ಕ್ರಿಸ್ಟೀ!" ಅಂತ ಕೂಗಿದೆ. ಬಂದಳು. ಅಪ್ಪ ನನ್ನ ಬೆನ್ನ ಹಿಂದೆ ಸನ್ನೆ ಮಾಡಿರಬೇಕು, ಅವಳ ಕಣ್ಣು ಆ ಕಡೆ ಹೋಯಿತು. "ಅಪ್ಪನನ್ನು ನೋಡಬೇಡ. ಆಣೆ ಗೀಣೆ ಎಲ್ಲ ಬಿಡು. ನಿನ್ನ ಮದುವೆ, ನಿನ್ನ ಟೋಸ್ಟು. ಹೇಳು."

ಮೂಸಿದಳು. ಮೂಗಿನ ತುದಿ ಸೊಟ್ಟಗಾಯಿತು — ಥೇಟ್ ನನ್ನ ಅಮ್ಮ. "ಮಮ್ಮಿ, ಇಟ್ಸ್ ಗಾನ್. ಬೂಸ್ಟು. ಅಂಡ್ ಸೋ ಮಚ್ ಕ್ಲೋವ್, ಲೈಕ್ ಅ ಡೆಂಟಿಸ್ಟ್." ಹೇಳಿ ಅತ್ತಳು.

ನಾನು ಅಳಲಿಲ್ಲ. ಎಲ್ಲವನ್ನೂ ಸಿಂಕಿಗೆ ಸುರಿದೆ. ಮನೆಯೆಲ್ಲ ನಾರಿತಂತೆ, ಇಬ್ಬರೂ ಕಿಟಕಿ ತೆಗೆಯಲು ಓಡಿದರು. ನನಗೆ ಗುಳುಗುಳು ಸದ್ದು ಮಾತ್ರ.

ಆಮೇಲೆ ಇವರನ್ನು ದ್ರಾಕ್ಷಿಗೆ ಓಡಿಸಿದೆ. ಮದುವೆಗೆ ಇನ್ನೂ ತಿಂಗಳಿದೆ, ಸಾಕು. ಭರಣಿಗೆ ಕುದಿನೀರು ಹಾಕಿ ಉಜ್ಜಿದೆ. ಕ್ರಿಸ್ಟಿ ಒಳಗೆ ತಲೆ ಹಾಕಿ ಮೂಸಿ, "ಅಗೇನ್" ಅಂದಳು. ಮತ್ತೆ ಉಜ್ಜಿದೆ. "ಅಗೇನ್, ಮಮ್ಮಿ." ಎಂಥ ಕಟುಕ ಮೂಗು ಇವಳದ್ದು! ಸಂಜೆ ಹೊಸ ವೈನ್ ಇಟ್ಟೆವು. ಕೈ ನನ್ನದು, ಮೂಗು ಅವಳದ್ದು. ಅಮ್ಮನ ಕಟ್ಟಳೆ ಮುರಿದೆ, ಅಮ್ಮ ಬೈದರೆ ಬೈಯಲಿ.

ಊಟಕ್ಕೆ ಬಂಗುಡೆ ಸಾರು. ಬೇಕೆಂದೇ ಮಾಡಿದೆ. ಇವರ ಎದುರು ಕುಳಿತೆ. "ಇವತ್ತು ಆ ಎರಡು ಶಬ್ದ ಹೇಳಿದರೆ ಸೌಟು ತಲೆಗೇ. ಹೇಗುಂಟು ಹೇಳಿ."

ತಿಂದರು. ನೀರು ಕುಡಿದರು. ಬಾಗಿಲ ಕಡೆ ಒಮ್ಮೆ ನೋಡಿಕೊಂಡರು.

"ಬೆಳ್ಳುಳ್ಳಿ ಸೀದಿದೆ ಮಾರಾಯ್ತಿ. ಬಾಯಿಗಿಡ್ಲಿಕ್ಕೆ ಆಗುದಿಲ್ಲ."

ಮದುವೆಯಾದ ಮೇಲೆ ಇದೇ ಮೊದಲು! ನನ್ನ ಸಾರಿಗೆ! ನನ್ನ ಎದುರಿಗೇ! ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು, ನಗುವೂ ಬಂತು, ಆದರೂ ಸೌಟು ಎತ್ತಿಕೊಂಡು ಬಾಗಿಲವರೆಗೆ ಅಟ್ಟಿಸಿಕೊಂಡು ಹೋದೆ.