ಮೂವತ್ತೊಂದನೆಯ ಸಾಲು

ತಬುಆರಾ ದ್ವೀಪ
ನವೆಂಬರ್ ೧೪

ನನ್ನ ಪ್ರೀತಿಯ ರೊತಿಯಾಗೆ,

ನಿನ್ನ ಸಾಕುತಾಯಿ ತಿನಾಯ್ ಮಾಡುವ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ಚೆನ್ನಾಗಿಲ್ಲ. ನೀನು, ನಿನ್ನ ಗಂಡ, ಮಗು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಈ ಕಾಗದ ನಾಲ್ಕು ವರ್ಷ ತಡವಾಗಿದೆ. ಕ್ಷಮಿಸು ಎಂದು ಒಂದು ಮಾತಿನಲ್ಲಿ ಬರೆದು ಮುಂದಕ್ಕೆ ಹೋದರೆ ನೀನು ಮೂಗು ಮುರಿಯುತ್ತೀಯೆ, ಗೊತ್ತು. ಹಡಗು ಬಂದಾಗಲೆಲ್ಲ ಬರೆಯಲು ಕೂತೆ. ಎರಡು ಸಲ ಅರ್ಧದವರೆಗೂ ಬಂದಿತ್ತು. ಒಂದನ್ನು ಒಲೆಗೆ ಹಾಕಿದೆ, ಇನ್ನೊಂದರಲ್ಲಿ ಒಣಮೀನು ಕಟ್ಟಿ ಯಾರಿಗೋ ಕೊಟ್ಟುಬಿಟ್ಟೆ. ಈ ಸಲ ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ದೋಣಿ ಕೆತ್ತುವ ನಕಿಬಾಯ್ ಮುದುಕ ಎದುರಿಗೇ ಚಾಪೆ ಹಾಕಿಕೊಂಡು ಕೂತಿದ್ದಾನೆ. "ನೀನು ಬರ್ದು ಮುಗ್ಸೋ ತನಕ ನಾನು ಏಳಲ್ಲ. ಕಳ್ಳು ಇದ್ರೆ ತರ್ಸು, ಇಲ್ದಿದ್ರೆ ಬರಿ" ಎನ್ನುತ್ತಿದ್ದಾನೆ.

ಅವನು ನೀನಿರುವ ತರಾವಾದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ಹಡಗಿಳಿದವನು ಮೊದಲು ನಮ್ಮ ಮನೆಗೇ ಬಂದ. ನೀನು ನಿನ್ನ ಅಂಗಡಿಯಿಂದ ಕಟ್ಟಿಕೊಟ್ಟ ಬ್ರೆಡ್ಡಿನಲ್ಲಿ ಅರ್ಧವನ್ನು ದಾರಿಯಲ್ಲೇ ತಿಂದಿದ್ದ. ಈಗ ಕಣ್ಣು ಕಾಣುತ್ತದೆಯೇ ಎಂದು ಕೇಳಿದೆ. "ಕಾಣ್ತದೆ. ನೀನು ಇಷ್ಟು ಮುದ್ಕಿ ಆಗಿದೀಯ ಅಂತ ಗೊತ್ತಿದ್ದಿದ್ರೆ ತೆಗಿಸ್ತಾನೇ ಇರ್ಲಿಲ್ಲ" ಎಂದ. ನಕ್ಕೆವು. ಆಮೇಲೆ ಅವನು ನಗಲಿಲ್ಲ.

ಮಗುವಿಗೆ ಇಯೊತೆಬಾ ಎಂದು ಹೆಸರಿಟ್ಟಿದ್ದೀಯಂತೆ. ನನ್ನ ಮಗನ ಹೆಸರನ್ನು ಈ ದ್ವೀಪದಲ್ಲಿ ಯಾರೂ ನನ್ನ ಮುಂದೆ ಎತ್ತುವುದಿಲ್ಲ. ನೀನು ದಿನಕ್ಕೆ ನೂರು ಸಲ ಕೂಗುತ್ತಿರುತ್ತೀಯಲ್ಲ ಎಂದು ಹೊಟ್ಟೆಯೊಳಗೆ ತಣ್ಣಗಾಯಿತು. ಆದರೆ ನಕಿಬಾಯ್ ಹೇಳಿದ ಇನ್ನೊಂದು ಮಾತಿಗೆ ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟೆ.

"ಮಗು ಅಳ್ತಿತ್ತು ತಿನಾಯ್. ಅವಳು ತೊಡೆ ಮೇಲೆ ಹಾಕ್ಕೊಂಡು ತಟ್ಟಿದ್ಲು, ತೂಗಿದ್ಲು, ಎತ್ಕೊಂಡು ತಿರುಗಿದ್ಲು. ಬಾಯಿ ಮಾತ್ರ ಬಿಡ್ಲಿಲ್ಲ. ಯಾಕಮ್ಮ, ಒಂದು ಹಾಡು ಹೇಳ್ಬಾರ್ದಾ ಅಂದೆ. 'ನನ್ನ ಬಾಯಿ ಒಳ್ಳೇದಲ್ಲ ಅಜ್ಜ, ನನ್ನ ಹಾಡು ಮಗುಗೆ ಬೇಡ' ಅಂದ್ಲು."

ರೊತಿಯಾ, ನಿನಗೆ ಆರು ವರ್ಷವಿದ್ದಾಗ ನೀನು ನಿನ್ನ ಹೆತ್ತವ್ವನ ಒಲೆಯ ಮುಂದೆ ಕೂತು ಏನೋ ಗುನುಗುತ್ತಿದ್ದೆ. ಸುತ್ತ ತೆಂಗಿನ ಗರಿಗಳೆಲ್ಲ ಹಾರಾಡುತ್ತಿದ್ದರೂ ಆ ಒಲೆಯ ಹೊಗೆ ಮಾತ್ರ ನೆಟ್ಟಗೆ ನಿಂತಿತ್ತು. ಅದನ್ನು ಕಂಡೇ ನಾನು ಮಾರನೆಯ ದಿನ ಹೊಸ ಚಾಪೆ ಹೊತ್ತು ನಿಮ್ಮ ಮನೆಗೆ ಹೋಗಿ ನಿನ್ನನ್ನು ಮಗಳಾಗಿ ಕೇಳಿದ್ದು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಸ್ವರವೇ ಇರಲಿಲ್ಲ. "ನಾನು ಹಾಡಿದ್ರೆ ಗಾಳಿ ಕೂರಲ್ಲ ಅವ್ವ, ಕಿವಿ ಮುಚ್ಕೊಂಡು ಓಡ್ತದೆ" ಎನ್ನುತ್ತಿದ್ದ ಇಯೊತೆಬಾ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿ, ನನ್ನ ತಂಗಿ ಗಾಳಿಗಾರ್ತಿ ಎಂದು ಸಾರಿದವನು ಅವನೇ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಈಗ ನನ್ನ ಹತ್ತಿರ ಇಬ್ಬರು ಎದ್ದ ಗಾಳಿಯನ್ನು ತಣಿಸಿ ಕೂರಿಸುವ ಹಾಡು ಕಲಿಯುತ್ತಿದ್ದಾರೆ. ಹಿರಿಯವನು ಕಿಯಾತಿ, ಹದಿನೇಳು ವರ್ಷದ ಸೋಮಾರಿ. ತಿಂಗಳಿಗೊಂದು ಸಾಲಿನಂತೆ ನಿನ್ನಂತೆಯೇ ಸೊಂಟದ ಮಟ್ಟ ನೀರಿನಲ್ಲಿ ನಿಂತು ಮೂವತ್ತೂ ಸಾಲು ಕಲಿತಿದ್ದಾನೆ. ಆದರೆ ಕಲಿಯುವ ತನಕ ಎಂಟು ಕಾಲಿನ ಆಕ್ಟೋಪಸ್ ತಿನ್ನಬಾರದು ಎಂಬ ನಿಯಮವನ್ನು ಎಷ್ಟು ಸಲ ಮುರಿದಿದ್ದಾನೋ ಲೆಕ್ಕವಿಲ್ಲ. ಕೇಳಿದರೆ "ಬರೀ ಕಾಲು ತಿಂದೆ ಅವ್ವ, ತಲೆ ಮುಟ್ಲಿಲ್ಲ" ಎನ್ನುತ್ತಾನೆ. ಹೋದ ತಿಂಗಳು ಹುಡುಗಿಯರ ಮುಂದೆ ಜಂಭ ಕೊಚ್ಚಿಕೊಳ್ಳಲು ಗಾಳಿ ಕೂರಿಸಿ, ಊರವರ ಬಟ್ಟೆಯೆಲ್ಲ ಎರಡು ದಿನ ಒಣಗದೆ ಹೆಂಗಸರು ಪೊರಕೆ ಹಿಡಿದು ಬಂದಿದ್ದರು.

ಕಿರಿಯವಳು ತಬೂಯಾ, ಹತ್ತು ವರ್ಷ. ಅವಳ ಬಾಯಿ ಮುಚ್ಚಿಸುವ ಮಂತ್ರ ಇದ್ದರೆ ಯಾರಾದರೂ ನನಗೆ ಕಲಿಸಬೇಕು. ಕಿಯಾತಿ ಹೇಳುವುದನ್ನು ಕೇಳಿ ಕೇಳಿಯೇ ಪೂರ್ತಿ ಹಾಡು ಬಾಯಿಪಾಠ ಮಾಡಿಕೊಂಡಿದ್ದಾಳೆ. ಮೊನ್ನೆ ಕೆಸುವಿನ ಗುಂಡಿಯ ಹತ್ತಿರ ಗೆಡ್ಡೆ ಕೆರೆಯುತ್ತ ಕೂತಿದ್ದಾಗ ಕೇಳಿದಳು: "ಅವ್ವ, ಈ ಹಾಡು ಯಾಕೆ ಮಧ್ಯದಲ್ಲೇ ಎದ್ದು ಹೋಗತ್ತೆ? ಗಾಳಿನ ಕೂತ್ಕೋ ಅಂತೀವಿ, ಕೂತ್ಕೋ ಅಂತೀವಿ. ಆಮೇಲೆ ಅದಕ್ಕೆ ಏನೂ ಹೇಳೋದೇ ಇಲ್ವಲ್ಲ." ಹಾಡು ಇರುವುದೇ ಹಾಗೆ, ಗೆಡ್ಡೆ ಕೆರಿ ಎಂದು ಗದರಿದೆ.

ಹತ್ತು ದಿನದ ಹಿಂದೆ ಪಡುವಣ ಗಾಳಿ ಎದ್ದಿತು. ನಾಲ್ಕು ದೋಣಿ ಹವಳದ ದಿಬ್ಬದ ಆಚೆ ಇದ್ದವು. ಕಿಯಾತಿ ದಡದಲ್ಲಿ ನಿಂತು ಹಾಡಿದ. ಸೋಮಾರಿಯಾದರೂ ಆ ಹೊತ್ತಿಗೆ ಒಂದು ಸಾಲನ್ನೂ ತಪ್ಪಿಸಲಿಲ್ಲ. ನಾನು ಅವನ ಬೆನ್ನ ಹಿಂದೆಯೇ ನಿಂತಿದ್ದೆ. ಗಾಳಿ ಕೂತಿತು, ನಾಲ್ಕೂ ದೋಣಿ ಬಂದವು. ಎಲ್ಲರೂ ಹುಡುಗನನ್ನು ಎತ್ತಿ ಕುಣಿಯುತ್ತಿದ್ದಾಗ ತಬೂಯಾ ಮಾತ್ರ ನನ್ನ ಸೆರಗು ಹಿಡಿದು "ಕೊನೇಲಿ ನೀನೇನೋ ಮೆಲ್ಲಗೆ ಅಂದ್ಯಲ್ಲ ಅವ್ವ" ಎಂದಳು. ಕೆಮ್ಮಿದೆ ಕಣೇ ಎಂದೆ. "ಕೆಮ್ಮಿಗೆ ರಾಗ ಇತ್ತು" ಎಂದಳು.

ನೀನು ಹಾಡಿದ ಆ ದಿನದ ಮಾತನ್ನು ನಾವಿಬ್ಬರೂ ಎತ್ತಿಯೇ ಇಲ್ಲ. ನಾನು ಮರೇಬು ದ್ವೀಪದ ಹೊಸ ಚಾವಡಿಯ ಹಬ್ಬಕ್ಕೆ ಹೋಗಿದ್ದೆ. ಹದಿನೆಂಟರ ನಿನ್ನನ್ನು ದಡದಲ್ಲಿ ಬಿಟ್ಟು, ಗಾಳಿ ಎದ್ದರೆ ನೀನೇ ಕೂರಿಸು ಎಂದಿದ್ದೆ. ಗಾಳಿ ಎದ್ದಿತು. ನೀನು ಹಾಡಿದೆ, ಕೂತಿತು. ನಿನ್ನ ಅಣ್ಣ ಹಾಯಿ ಇಳಿಸಿ, ಹುಟ್ಟು ಹಾಕಿಕೊಂಡು ದಿಬ್ಬದ ಕಂಡಿಯೊಳಗೆ ಬಂದ. ಅವನು ಕಂಡಿಯ ನಡುವೆ ಇದ್ದಾಗಲೇ ಗಾಳಿ ಮತ್ತೆ ಎದ್ದಿತು. ನಾನು ಮರಳಿ ಬಂದಾಗ ನೀನು ನನ್ನ ಕಾಲು ಹಿಡಿದು, "ಇಪ್ಪತ್ತೆಂಟನೇ ಸಾಲಲ್ಲಿ ಉಸಿರು ತಪ್ಪಿದೆ ಅವ್ವ, ನಾನೇ ಅವನನ್ನ ಕೊಂದೆ" ಎಂದೆ. ಮುಂದಿನ ಹಡಗಿಗೆ ಹೊರಟುಹೋದೆ. ನಾನು ತಡೆಯಲಿಲ್ಲ.

ಮಗಳೇ, ಆದದ್ದು ಆಗಿಹೋಯಿತು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ಎಂದೂ ಇರಲಿಲ್ಲ. ಈ ಮಾತನ್ನಾದರೂ ಮೊದಲೇ ಬರೆಯಬೇಕಿತ್ತು. ಬೇಸಗೆಯ ಹಡಗಿಗೆ ಮಗುವನ್ನು ಕರೆದುಕೊಂಡು ಬಾ. ನಿನ್ನ ಚಾಪೆಯನ್ನು ಇಂದಿಗೂ ವಾರಕ್ಕೊಮ್ಮೆ ಬಿಸಿಲಿಗೆ ಹಾಕುತ್ತೇನೆ. ಹಲಸಿನಂಥ ದೀವಿ ಹಣ್ಣು ಈ ವರ್ಷ ಕೊಂಬೆ ಮುರಿಯುವಷ್ಟು ಬಿಟ್ಟಿದೆ. ಮಗುವಿನ ತಲೆಗೆ ಹಚ್ಚಲು ಕೊಬ್ಬರಿ ಎಣ್ಣೆ ಕಳಿಸಿದ್ದೇನೆ. ಸೀಸೆಯ ಬಿರಡೆ ಸಡಿಲ, ಜೋಪಾನ.

ನಿನ್ನ ಮನೆಯ ಒಲೆ ಆರದಿರಲಿ. ನಿನ್ನ ಮಗ ಈಜು ಕಲಿತು, ನಿನ್ನನ್ನೂ ನನ್ನನ್ನೂ ಮೀರಿ ಬಾಳಲಿ.

ನಿನ್ನ ಅವ್ವ,
ತಿನಾಯ್

ಮರೆತದ್ದು — ನವೆಂಬರ್ ೧೫, ಬೆಳಿಗ್ಗೆ.

ಮರೆತದ್ದು ಎಂದು ಬರೆದದ್ದು ಸುಳ್ಳು. ನಿನ್ನೆ ಕಾಗದ ಮಡಚಿದಾಗ ನಕಿಬಾಯ್ "ಒಂದ್ಸಲ ಓದು, ಕೇಳ್ತೀನಿ" ಎಂದ. ಓದಿದೆ. ಎಲ್ಲ ಕೇಳಿ, "ಎಣ್ಣೆ ಸೀಸೆ ಬಿರಡೆ ತನಕ ಬರ್ದಿದೀಯ. ಹೇಳ್ಬೇಕಾದ್ದು ಎಲ್ಲಿ? ಹಡಗು ನಾಳೆ ಹೊರಡೋದು" ಎಂದು ಎದ್ದು ಹೋದ.

ಹೇಳಬೇಕಾದ್ದು ಇದು. ಆ ಹಾಡಿಗೆ ಮೂವತ್ತೊಂದು ಸಾಲು.

ಕೊನೆಯ ಸಾಲನ್ನು ನಾವು, ಕಲಿಸುವವರು, ಇಟ್ಟುಕೊಳ್ಳುತ್ತೇವೆ. ಅಂಥದೊಂದು ಇದೆ ಎಂದು ಶಿಷ್ಯರಿಗೆ ತಿಳಿಸುವುದೂ ಇಲ್ಲ. ಸಾಯುವ ಹೊತ್ತಿಗೆ ಒಬ್ಬರ ಕಿವಿಯಲ್ಲಿ ಹೇಳುತ್ತೇವೆ. ನನ್ನ ಅವ್ವ ನನಗೆ ಹೇಳಿದ್ದೂ ಹಾಗೆಯೇ. ಅದನ್ನು ಹೇಳಿಕೊಟ್ಟ ಕೂಡಲೇ ಕೊಟ್ಟವರ ಮಾತನ್ನು ಗಾಳಿ ಕೇಳುವುದಿಲ್ಲ. ಮೂವತ್ತು ಸಾಲು ಸಣ್ಣ ಗಾಳಿಗೆ ಸಾಕು. ದೊಡ್ಡ ಗಾಳಿ ಕೂರುತ್ತದೆ, ಆದರೆ ಕೊನೆಯ ಸಾಲು ಬೀಳದಿದ್ದರೆ ಮತ್ತೆ ಏಳುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ದಡದಲ್ಲಿ ನಿಲ್ಲಿಸಿ ಹಬ್ಬಕ್ಕೆ ಹೋದೆ. ಅಲ್ಲಿ ನನ್ನನ್ನು ಹಿರಿಯರ ಸಾಲಿನಲ್ಲಿ ಕೂರಿಸುತ್ತೇವೆ ಎಂದು ಹೇಳಿಕಳಿಸಿದ್ದರು.

ಪದ್ಧತಿ, ಪದ್ಧತಿ ಎಂದು ನಾಲ್ಕು ವರ್ಷ ನನಗೇ ಹೇಳಿಕೊಂಡೆ. ಪದ್ಧತಿ ಮುರಿಯಲು ಮನಸ್ಸು ಬಂದದ್ದು ನಿನಗೆ ಹದಿನಾರು ತುಂಬಿದಾಗಲೇ. ಅಂದೇ ಕೊಡಬಹುದಿತ್ತು. ಕೊಟ್ಟರೆ ನಾನು ಗೆಡ್ಡೆ ಕೆರೆಯುವ ಇನ್ನೊಬ್ಬ ಮುದುಕಿ. ಅದಕ್ಕೆ ಹೆದರಿದೆ.

ನೀನು ಹಾಡದೇ ಇದ್ದಿದ್ದರೆ ನಿನ್ನ ಅಣ್ಣ ಗಾಳಿಗೆ ಹಾಯಿ ಕೊಟ್ಟು ಮರೇಬುವಿನ ಮರೆಗೆ ಹೋಗಿ ಮಲಗಿರುತ್ತಿದ್ದ. ನೀನು ಹಾಡಿದೆ, ಸರಿಯಾಗಿ ಹಾಡಿದೆ, ತಂಗಿ ಕೂರಿಸಿದ ಗಾಳಿ ಏಳುವುದಿಲ್ಲ ಎಂದು ನಂಬಿ ಅವನು ಹಾಯಿ ಇಳಿಸಿದ. ನಕಿಬಾಯ್ ಆ ದಿನ ನಿನ್ನ ಪಕ್ಕದಲ್ಲೇ ನಿಂತಿದ್ದ. ಅದೇ ವಾರ ನನ್ನ ಹತ್ತಿರ ಬಂದು "ಹುಡ್ಗಿ ಒಂದು ಉಸಿರೂ ತಪ್ಪಿಲ್ಲ ತಿನಾಯ್" ಎಂದ. ನಿನಗೆ ಹಾಡೇನು ಗೊತ್ತು, ಹೋಗಿ ದೋಣಿ ಕೆತ್ತು ಎಂದು ಅಟ್ಟಿದೆ. ಆಗ ನೀನಿನ್ನೂ ಹಡಗು ಹತ್ತಿರಲಿಲ್ಲ. ಒಳಗೆ ಚಾಪೆ ಸುತ್ತುತ್ತಿದ್ದೆ.

ನಕಿಬಾಯ್ ಎದ್ದು ಹೋದ ಮೇಲೆ, ನಿನ್ನೆ ಸಂಜೆ ಚಾವಡಿಯಲ್ಲಿ ಎಲ್ಲರನ್ನೂ ಸೇರಿಸಿ ಇದೇ ಮಾತು ಹೇಳಿದೆ. ಆಮೇಲೆ ಕಿಯಾತಿಗೂ ತಬೂಯಾಗೂ ಕೊನೆಯ ಸಾಲನ್ನು ಗಟ್ಟಿಯಾಗಿ, ಎಲ್ಲರ ಮುಂದೆ ಕೊಟ್ಟೆ. ಹಿರಿಯರು ಎದ್ದು ಹೋದರು. ಕಿಯಾತಿ ಅತ್ತ. ತಬೂಯಾ "ನಾನು ಹೇಳ್ಲಿಲ್ವಾ, ಕೆಮ್ಮಲ್ಲ ಅಂತ" ಎಂದಳು. ಆಮೇಲೆ ಬಂದು ನನ್ನ ಮಡಿಲಲ್ಲಿ ಕೂತಳು. ಇಂದು ಬೆಳಿಗ್ಗೆ ಒಲೆ ಹಚ್ಚಿ ಮೂವತ್ತೊಂದೂ ಸಾಲು ಹಾಡಿ ನೋಡಿದೆ. ಹೊಗೆ ನೆಟ್ಟಗೆ ನಿಲ್ಲಲಿಲ್ಲ, ನನ್ನ ಕಣ್ಣಿಗೇ ಬಂತು.

ಕ್ಷಮಿಸು ಎಂದು ಕೇಳುವುದಿಲ್ಲ. ಬೇಸಗೆಯ ಹಡಗಿಗೆ ಬರುವುದೂ ಬಿಡುವುದೂ ಇನ್ನು ನಿನಗೆ ಸೇರಿದ್ದು. ಈ ಕಾಗದವನ್ನು ನಿನ್ನ ಗಂಡನಿಗೆ ತೋರಿಸು, ಅಂಗಡಿಯವರಿಗೆ ತೋರಿಸು, ನಿನ್ನನ್ನು ಕಂಡು ಯಾರು ಯಾರು ಮಾತು ಕಡಿಮೆ ಮಾಡಿದರೋ ಅವರಿಗೆಲ್ಲ ಓದಿ ಹೇಳು. ಇಯೊತೆಬಾನನ್ನು ಕೊಂದದ್ದು ನಿನ್ನ ಬಾಯಲ್ಲ, ನನ್ನ ಮುಚ್ಚಿದ ಬಾಯಿ.

ಇಷ್ಟು ಓದಿ ಆದಮೇಲೆ ಕಾಗದ ಪಕ್ಕಕ್ಕಿಟ್ಟು ಮಗುವನ್ನು ಎತ್ತಿಕೋ. ಎಣ್ಣೆ ಆಮೇಲೆ ಹಚ್ಚಿದರಾಯಿತು. ಮೊದಲು ಹಾಡು.