ಹಗುರ ಟ್ರಿಗರ್

ಪ್ರಶಾಂತ್,

ಈ ಕಾಗದ ಸೈಪ್ರೆಸ್ ಊರಿನ ನಿನ್ನ ಹೊಸ ಮನೆಗೆ ಬರೋದಿಲ್ಲ, ಹೆದರಬೇಡ. ನೀನು ಬಿಟ್ಟುಹೋದ ಪಿಸ್ತೂಲನ್ನ ಮಾರೋಣ ಅಂತ ಇವತ್ತು ಇಲ್ಲೇ ಲೂಯಿಸ್‌ವಿಲ್‌ನ ಗನ್ ಅಂಗಡಿಗೆ ಹೋಗಿದ್ದೆ.

ಕಂಪನಿಯ ಟ್ರಿಗರ್ ಬಿಚ್ಚಿ, ಆನ್‌ಲೈನಲ್ಲಿ ತರಿಸಿದ, ಸ್ವಲ್ಪ ಎಳೆದರೂ ಸಾಕಾಗೋ ಹಗುರದ್ದನ್ನ ಡೈನಿಂಗ್ ಟೇಬಲ್ ಮೇಲೇ ಕೂತು ಹಾಕಿದ್ದೆಯಲ್ಲ, ಅದೇ ಪಿಸ್ತೂಲು. "ಹರ್ಷಿಣಿ, ನಿನ್ನ ಬೆರಳಿಗೆ ಶಕ್ತಿ ಇಲ್ಲ, ನಿನಗೋಸ್ಕರನೇ ಇದು" ಅಂದಿದ್ದೆ ನೀನು. ನಾನು ನಂಬಿದೆ. ಆಯುಧಪೂಜೆಗೆ ಕಾರಿನ ಕೀ, ನಿನ್ನ ಲ್ಯಾಪ್‌ಟಾಪ್ ಪಕ್ಕ ಅದನ್ನೂ ಇಟ್ಟು ಕುಂಕುಮ ಹಚ್ಚುತ್ತಿದ್ದೆ. ನೀನು ಹೋದ ಮೇಲೂ, ಈ ವರ್ಷವೂ ಹಚ್ಚಿದೆ.

ಅಂಗಡಿಯವನು ಗುಂಡು ಇಲ್ಲ ಅಂತ ನೋಡಿಕೊಂಡು ಒಂದು ಸಲ ಟ್ರಿಗರ್ ಎಳೆದ. "ಮನೇಲಿ ಇಡೋ ಗನ್ನಿನ ಟ್ರಿಗರ್ ಯಾರೂ ಇಷ್ಟು ಹಗುರ ಮಾಡಲ್ಲ. ಇದು ಸ್ಪರ್ಧೇಲಿ ಹೊಡೆಯೋರು ಹಾಕಿಸೋದು. ನೀವು ಸ್ಪರ್ಧೆಗೆ ಹೋಗ್ತೀರಾ?" ಅಂದ.

ಶನಿವಾರ ಶನಿವಾರ ಗುರಿ ಹೊಡೆಯೋಕೆ ರೇಂಜ್‌ಗೆ ಹೋಗ್ತಿದ್ದದ್ದು ನೀನು. ಜೊತೆಗೆ ಯಾರು ಬರ್ತಿದ್ದರು ಅನ್ನೋದು ನನಗೆ ಆಮೇಲೆ ಗೊತ್ತಾಯಿತು.

ಇಲ್ಲ ಅಂದೆ. ಅವನು ಪಿಸ್ತೂಲಿನ ಹಿಡಿಯ ಮೇಲಿದ್ದ ಕುಂಕುಮದ ಬೊಟ್ಟು ತೋರಿಸಿ, ಈ ಕೆಂಪು ಒರೆಸಿಬಿಡಲಾ ಅಂತ ಕೇಳಿದ.

ಒರೆಸಿ ಅಂದೆ.